ಕಣ್ಣಿನ ಹುಣ್ಣಿಗೆ ರಾತ್ರಿಯೂ ಹನಿ ಬೇಕು

ಮಾನ್ಯರೇ,

ಭತ್ತದ ಒಕ್ಕಣೆ ಶುರುವಾದರೆ ಹೊಟ್ಟು, ಗರಿ ತಗುಲಿ ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಗೀರಿಕೊಂಡವರು ಆಸ್ಪತ್ರೆಗೆ ಬರುತ್ತಾರೆ. ಗೀರಿಗೆ ಬ್ಯಾಕ್ಟೀರಿಯಾ ಸೇರಿದರೆ ಒಂದೆರಡು ದಿನದಲ್ಲೇ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆಯಂಥ ಹುಣ್ಣು, ವಿಪರೀತ ನೋವು. ಆಗ ದಯವಿಟ್ಟು ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಬೇಡಿ. ಅವುಗಳಲ್ಲಿ ಕೆಲವಕ್ಕೆ ಸ್ಟೆರಾಯ್ಡ್ (ಉರಿಯೂತ ತಗ್ಗಿಸುವ ಔಷಧ) ಬೆರೆತಿರುತ್ತದೆ. ಕೆಂಪು ಇಳಿಯುತ್ತದೆ, ಹುಣ್ಣು ಒಳಗೊಳಗೇ ಆಳವಾಗುತ್ತದೆ. ಹೊಲದ ಗಾಯದಲ್ಲಿ ಶಿಲೀಂಧ್ರವೂ ಇರಬಹುದು, ಅದಕ್ಕೆ ಸ್ಟೆರಾಯ್ಡ್ ಇನ್ನೂ ಅಪಾಯ. ಹೀಗಾಗಿಯೇ ವೈದ್ಯರು ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು.

ಬ್ಯಾಕ್ಟೀರಿಯಾ ಎಂದು ಖಚಿತವಾದರೆ ಕೊಡುವುದು ಬ್ಯಾಕ್ಟೀರಿಯಾ ಕೊಲ್ಲುವ ಹನಿ: ಸಾಮಾನ್ಯವಾಗಿ 0.5% ಮಾಕ್ಸಿಫ್ಲಾಕ್ಸಾಸಿನ್, ತೀವ್ರವಿದ್ದರೆ 5% ಸೆಫಜೋಲಿನ್ ಜೊತೆಗೆ ಟೋಬ್ರಾಮೈಸಿನ್. ಮೊದಲ 48 ಗಂಟೆ ಗಂಟೆಗೊಮ್ಮೆ ಹನಿ, ರಾತ್ರಿಯೂ. ಮನೆಗಳಲ್ಲಿ ಎಡವುವುದು ಇಲ್ಲೇ: ರೋಗಿ ಮಲಗಿದ್ದಾನೆಂದು ಎಬ್ಬಿಸುವುದಿಲ್ಲ. ಕಣ್ಣೀರು ಔಷಧವನ್ನು ನಿಮಿಷಗಳಲ್ಲೇ ತೊಳೆದುಬಿಡುತ್ತದೆ, ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ. ರೆಪ್ಪೆಯೊಳಗೆ ಒಂದು ಹನಿಗಷ್ಟೇ ಜಾಗ. ಎರಡನೆಯದು ಕೆನ್ನೆಗೆ ಇಳಿಯುತ್ತದೆ. ಎರಡು ಔಷಧಗಳ ನಡುವೆ 5 ನಿಮಿಷ ಬಿಡಿ, ಬಾಟಲಿಯ ತುದಿ ರೆಪ್ಪೆಗೆ ತಾಗಿಸಬೇಡಿ. ಸೆಫಜೋಲಿನ್ ಹನಿಯನ್ನು ಇಂಜೆಕ್ಷನ್ ಪುಡಿಯಿಂದ ತಯಾರಿಸುವುದರಿಂದ ಫ್ರಿಜ್‌ನಲ್ಲೇ ಇಡಬೇಕು. ಕಣ್ಣಿಗೆ ಬಟ್ಟೆ ಕಟ್ಟಲೇಬೇಡಿ.

ಇನ್ನೊಂದು ವಿಷಯ. ಮೂಗಿನ ಪಕ್ಕದ ಕಣ್ಣೀರಿನ ಚೀಲ ಒತ್ತಿದಾಗ ಕೀವು ಬಂದರೆ ವೈದ್ಯರಿಗೆ ಹೇಳಿ. ಆ ಸೋಂಕು ಉಳಿದಿರುವ ತನಕ ಹನಿಯೊಂದರಿಂದಲೇ ಹುಣ್ಣು ಮಾಯುವುದು ಕಷ್ಟ.

ಚೀಟಿಯಿಲ್ಲದೆ ಸ್ಟೆರಾಯ್ಡ್ ಹನಿ ಮಾರುವುದನ್ನು ಔಷಧ ನಿಯಂತ್ರಣ ಅಧಿಕಾರಿಗಳು ಸುಗ್ಗಿಗೆ ಮುಂಚೆಯೇ ತಡೆಯಬೇಕು.

– ನೇತ್ರ ವೈದ್ಯರು, ಮಂಡ್ಯ ಜಿಲ್ಲೆ