ಗೆಳೆಯನಿಗೊಂದು ಪತ್ರ: ಅಪ್ಪ ಆಡಿದ ಕ್ಲಬ್ಬಿಗೇ ಮಗ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಭಾನುವಾರ ಬೆಳಿಗ್ಗೆ ಆ ಚಳಿಯಲ್ಲಿ ಅಷ್ಟು ದೂರ ಹೋಗಿ ಯಾರದೋ ಮಗ ಆಡೋದನ್ನ ನೋಡ್ತೀಯಲ್ಲೋ, ಏನು ಸಿಗುತ್ತೆ ನಿಂಗೆ?" ಅಂದೆ. ಆಗ ಮಕ್ಕಳ ಗಲಾಟೆ ಜೋರಾಗಿತ್ತು. ಈಗ ಎಲ್ಲರೂ ಮಲಗಿದ್ದಾರೆ. ಕೂತು ಬರೆಯುತ್ತಿದ್ದೇನೆ.

ನಾನು ನೋಡಲು ಹೋಗಿದ್ದ ಹುಡುಗನಿಗೆ ಹದಿನೇಳು ವರ್ಷ. ಹೆಸರು ಬರೆಯುವುದಿಲ್ಲ, ಅವನಿನ್ನೂ ಸ್ಕೂಲಿಗೆ ಹೋಗುವ ಹುಡುಗ. ಅವನ ಅಪ್ಪ ಇಲ್ಲಿ ಮೆಲ್ಬರ್ನ್‌ನಲ್ಲಿ ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಆಡುವ ನಮ್ಮ ವೆಸ್ಟರ್ನ್ ಬುಲ್‌ಡಾಗ್ಸ್ ಕ್ಲಬ್ಬಿಗೆ ಆಡಿದವರು. ಅದು ಅಂಡರ್-18 ಮ್ಯಾಚು. ಗ್ಯಾಲರಿ ಗೀಲರಿ ಏನೂ ಇಲ್ಲ, ಮೈದಾನದ ಸುತ್ತ ಒಂದು ಬೇಲಿ, ಅದಕ್ಕೆ ಒರಗಿ ನಿಂತ ನೂರಿನ್ನೂರು ಜನ. ರಾತ್ರಿಯೆಲ್ಲ ಮಳೆ ಬಂದು ಹುಲ್ಲು ಜಾರುತ್ತಿತ್ತು. ಹುಡುಗ ಒಳ್ಳೇ ಎತ್ತರ, ಆದರೆ ಮೈ ಇನ್ನೂ ತುಂಬಿಲ್ಲ, ಜಂಪರ್, ಅಂದರೆ ಟೀಮಿನ ಅಂಗಿ, ಭುಜದ ಹತ್ತಿರ ಸಡಿಲವಾಗಿ ಜೋಲುತ್ತಿತ್ತು. ಎರಡನೇ ಕ್ವಾರ್ಟರ್‌ನಲ್ಲಿ ಚೆಂಡು ಸೀದಾ ಅವನ ಎದೆಗೇ ಬಂತು. ಹತ್ತಿರ ಯಾರೂ ಇಲ್ಲ. ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಅದು ಮಾರ್ಕ್, ಆಮೇಲೆ ಯಾರೂ ಮೈಮೇಲೆ ಬೀಳುವ ಹಾಗಿಲ್ಲ, ಸಾವಕಾಶವಾಗಿ ನಿಂತು ಗೋಲಿಗೆ ಒದೆಯಬಹುದು. ಕೈಯಿಂದ ಜಾರಿತು.

ನನ್ನ ಪಕ್ಕದಲ್ಲಿ ನಮ್ಮ ಕ್ಲಬ್ಬಿನದೇ ಸ್ಕಾರ್ಫ್ ಸುತ್ತಿಕೊಂಡ ಇಬ್ಬರಿದ್ದರು. "ಅವರಪ್ಪ ಆಗಿದ್ದರೆ ಬಿಡುತ್ತಿರಲಿಲ್ಲ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಆದರೂ ನನಗೆ ಚುರುಕ್ ಅಂತು. ಅವರಪ್ಪ ಅಲ್ಲೇ ಇದ್ದರು ಮಾರಾಯ. ಜನರಿಂದ ದೂರ, ಆ ತುದಿಯ ಗೋಲ್ ಕಂಬದ ಹಿಂದೆ, ಒಬ್ಬರೇ, ಕೈಯಲ್ಲಿ ಕಾಫಿ ಲೋಟ ಹಿಡಿದು. ಮಗ ಚೆಂಡು ಬಿಟ್ಟಾಗ ಅವರು ಕೂಗಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಲೋಟದ ಮುಚ್ಚಳ ತೆಗೆದರು, ಒಳಗೆ ನೋಡಿದರು, ಮತ್ತೆ ಮುಚ್ಚಿದರು. ನಾನು ಆಮೇಲೆ ಆಟಕ್ಕಿಂತ ಅವರನ್ನೇ ಜಾಸ್ತಿ ನೋಡಿದೆ ಅಂತ ಕಾಣುತ್ತದೆ.

ಇದೇನು ಲೆಕ್ಕ ಅಂತ ಹೇಳಿಬಿಡುತ್ತೇನೆ. ಇಲ್ಲಿಯ ಫೂಟಿ ಲೀಗ್‌ನಲ್ಲಿ ಐಪಿಎಲ್ ಥರ ಹರಾಜಿಲ್ಲ, ದುಡ್ಡು ಕೂಗುವುದಿಲ್ಲ. ವರ್ಷಕ್ಕೊಮ್ಮೆ ನವೆಂಬರ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ, ಅಂದರೆ ಕ್ಲಬ್‌ಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಆ ವರ್ಷ ಕೊನೆಗೆ ಬಂದ ಕ್ಲಬ್ಬಿಗೆ ಮೊದಲ ಆಯ್ಕೆ, ಕಪ್ ಗೆದ್ದವರಿಗೆ ಕೊನೆಯದು. ಒಂದೊಂದು ಆಯ್ಕೆಗೂ ಪಿಕ್ ಅನ್ನುತ್ತಾರೆ. ಹುಡುಗ ಎಲ್ಲಿ ಹುಟ್ಟಿದ, ಯಾವ ಕ್ಲಬ್ ಅಂದರೆ ಅವನಿಗೆ ಪ್ರಾಣ, ಇದ್ಯಾವುದನ್ನೂ ಯಾರೂ ಕೇಳುವುದಿಲ್ಲ. ಮೆಲ್ಬರ್ನ್ ಹುಡುಗನನ್ನು ಪರ್ತ್‌ನವರು ಕರೆದರೆ ಗಂಟುಮೂಟೆ ಕಟ್ಟಬೇಕು. ಇಷ್ಟು ಕಟ್ಟುನಿಟ್ಟಾದ ವ್ಯವಸ್ಥೆಯಲ್ಲಿ ಒಂದು ಮೆತ್ತನೆಯ ಜಾಗ ಫಾದರ್-ಸನ್ ನಿಯಮ. ಅಪ್ಪ ಆ ಕ್ಲಬ್ಬಿಗೆ ನೂರು ಮ್ಯಾಚ್ ಆಡಿದ್ದರೆ ಮಗನನ್ನು ತೆಗೆದುಕೊಳ್ಳುವ ಮೊದಲ ಹಕ್ಕು ಆ ಕ್ಲಬ್ಬಿಗೆ. ತೊಂಬತ್ತೊಂಬತ್ತಾದರೆ ಇಲ್ಲ.

"ಅಪ್ಪನ ಹೆಸರಲ್ಲಿ ಮಗನಿಗೆ ಸೀಟು, ನಮ್ಮೂರ ರಾಜಕೀಯದ ಹಾಗೆ" ಅಂದೆಯಲ್ಲ ನೀನು, ಅದಕ್ಕೆ ನನ್ನ ತಕರಾರಿದೆ. ಸುಮ್ನೆ ಕೊಡುವುದಿಲ್ಲ. ಬೇರೆ ಕ್ಲಬ್‌ನವರು ತಮ್ಮ ಸರದಿ ಬಂದಾಗ ಆ ಹುಡುಗನ ಹೆಸರು ಕೂಗಬಹುದು. ಆಗ ಅಪ್ಪನ ಕ್ಲಬ್ ಅಷ್ಟೇ ಬೆಲೆ ಕಟ್ಟಿ ಅವನನ್ನು ಉಳಿಸಿಕೊಳ್ಳಬೇಕು. ಐಪಿಎಲ್‌ನ ಆರ್‌ಟಿಎಂ ಕಾರ್ಡ್ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಬೆಲೆ ರೂಪಾಯಿಯಲ್ಲಲ್ಲ, ಪಾಯಿಂಟ್‌ನಲ್ಲಿ. 2015ರಿಂದ ಪ್ರತಿ ಪಿಕ್‌ಗೂ ಇಷ್ಟು ಪಾಯಿಂಟ್ ಅಂತ ಪಟ್ಟಿ ಮಾಡಿಟ್ಟಿದ್ದಾರೆ. 2021ರಲ್ಲಿ ನಮ್ಮ ಸ್ಯಾಮ್ ಡಾರ್ಸಿಯ ಹೆಸರನ್ನು ಗ್ರೇಟರ್ ವೆಸ್ಟರ್ನ್ ಸಿಡ್ನಿಯವರು ಎರಡನೇ ಪಿಕ್‌ನಲ್ಲೇ ಕೂಗಿಬಿಟ್ಟರು. ಆಗಿನ ಪಟ್ಟಿಯಲ್ಲಿ ಎರಡನೇ ಪಿಕ್ ಅಂದರೆ 2517 ಪಾಯಿಂಟ್. ಅಪ್ಪನ ಕ್ಲಬ್ಬಿಗೆ ಅಂತ ಆಗ ಇದ್ದ ಶೇಕಡಾ 20 ರಿಯಾಯಿತಿ ಕಳೆದರೂ ಎರಡು ಸಾವಿರದ ಮೇಲೆ ಆಯಿತು. ನಮ್ಮವರು ಆಮೇಲೆ ಬರಬೇಕಿದ್ದ ತಮ್ಮ ಸಣ್ಣಪುಟ್ಟ ಪಿಕ್‌ಗಳನ್ನೆಲ್ಲ ಒಟ್ಟು ಹಾಕಿ ಸುರಿದರು. ಮನೆಯಲ್ಲಿ ಡಬ್ಬಿ ಡಬ್ಬಿ ಹುಡುಕಿ ಚಿಲ್ಲರೆ ಸೇರಿಸಿ ಒಂದು ದೊಡ್ಡ ಸಾಮಾನು ತರುತ್ತೇವಲ್ಲ, ಹಾಗೆ. ಆ ರಾತ್ರಿ ನಾನು ಮೊಬೈಲ್ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ನಮ್ಮ ಕ್ಲಬ್ ಗ್ರ್ಯಾಂಡ್ ಫೈನಲ್‌ನಲ್ಲಿ 74 ಪಾಯಿಂಟ್‌ಗಳಿಂದ ಸೋತು ಇನ್ನೂ ಎರಡು ತಿಂಗಳಾಗಿತ್ತು ಅಷ್ಟೇ. ಅವನ ಹೆಸರು ನಮ್ಮ ಪಟ್ಟಿಗೆ ಬಂದಾಗ ಗಂಟಲು ಕಟ್ಟಿತು.

ಯಾಕೆ ಅಂದರೆ ಸ್ಯಾಮ್‌ನ ಅಪ್ಪ ಲ್ಯೂಕ್ ಡಾರ್ಸಿ ನಮ್ಮ ಕ್ಲಬ್ಬಿಗೆ 226 ಮ್ಯಾಚ್ ಆಡಿದವನು. ಲ್ಯೂಕ್‌ನ ಅಪ್ಪ ಡೇವಿಡ್ ಡಾರ್ಸಿಯೂ ಇಲ್ಲೇ ಆಡಿದ್ದು, ಆಗ ಕ್ಲಬ್ಬಿನ ಹೆಸರು ಫುಟ್ಸ್‌ಕ್ರೇ. ಅಜ್ಜ, ಅಪ್ಪ, ಮೊಮ್ಮಗ, ಮೂರು ತಲೆಗೂ ಅದೇ ಕೆಂಪು ಬಿಳಿ ನೀಲಿ ಜಂಪರ್. ಸ್ಯಾಮ್ 208 ಸೆಂಟಿಮೀಟರ್ ಎತ್ತರ. ಅವನು ಚೆಂಡಿಗೆ ಕೈ ಎತ್ತಿದಾಗ ನನ್ನ ಹಿಂದಿನ ಸಾಲಿನ ವಯಸ್ಸಾದವರೊಬ್ಬರು "ಡೇವಿಡ್‌ನ ಮೊಮ್ಮಗ" ಅಂತ ಪಕ್ಕದವರಿಗೆ ಹೇಳುತ್ತಾರೆ, ಪ್ರತಿ ಮ್ಯಾಚಿನಲ್ಲೂ ಹೇಳುತ್ತಾರೆ. ಲ್ಯೂಕ್‌ನ ಹೆಸರಲ್ಲ, ಡೇವಿಡ್‌ನದು.

ನಾನು ಈ ಊರಿಗೆ ಬಂದಾಗ ಮೊದಲು ಬಾಡಿಗೆಗೆ ಇದ್ದದ್ದು ವೆಸ್ಟ್ ಫುಟ್ಸ್‌ಕ್ರೇಯಲ್ಲಿ, ಬಾರ್ಕ್ಲಿ ಸ್ಟ್ರೀಟ್ ಹತ್ತಿರ. ಅದೇ ರಸ್ತೆಯಲ್ಲಿ ಇಂಡಿಯನ್ ಹೋಟೆಲುಗಳ ಸಾಲು, ಅದೇ ರಸ್ತೆಯಲ್ಲಿ ಕ್ಲಬ್ಬಿನ ವಿಟನ್ ಓವಲ್. ದೋಸೆ ತಿಂದು ನಡೆದುಕೊಂಡು ಹೋದರೆ ಬೇಲಿಯಾಚೆ ಪ್ರಾಕ್ಟೀಸ್ ಕಾಣುತ್ತಿತ್ತು. ಅಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದವನು ಟಾಮ್ ಲಿಬರಟೋರೆ. ಅವನ ಅಪ್ಪ ಟೋನಿ 163 ಸೆಂಟಿಮೀಟರ್ ಎತ್ತರದ ಮನುಷ್ಯ. ಫೂಟಿಯಲ್ಲಿ ಅದು ಏನೇನೂ ಅಲ್ಲ. ಆ ಟೋನಿ 1990ರಲ್ಲಿ ಇಡೀ ಲೀಗ್‌ಗೇ ಶ್ರೇಷ್ಠ ಆಟಗಾರ ಅಂತ ಬ್ರೌನ್‌ಲೋ ಮೆಡಲ್ ಗೆದ್ದ. ಮಗ ಟಾಮ್ 2010ರ ಡ್ರಾಫ್ಟ್‌ನಲ್ಲಿ ಬಂದ, 41ನೇ ಪಿಕ್. ಅದೇ ವರ್ಷ ನಮ್ಮಲ್ಲೇ ಆಡಿದ್ದ ಸ್ಟೀಫನ್ ವಾಲಿಸ್‌ನ ಮಗ ಮಿಚ್ ವಾಲಿಸ್ ಕೂಡ ಬಂದ. ಟಾಮ್‌ನ ಮಂಡಿ 2015ರಲ್ಲಿ ಹೋಯಿತು, ಇಡೀ ವರ್ಷ ಆಟವಿಲ್ಲ. ಮರುವರ್ಷ ಅವನು ಎದ್ದು ಬಂದು ಪ್ರೀಮಿಯರ್‌ಶಿಪ್ ಟೀಮಿನಲ್ಲಿದ್ದ. 1954ರ ನಂತರ, 62 ವರ್ಷ ಕಾದ ಮೇಲೆ ಕ್ಲಬ್ ಗೆದ್ದ ಕಪ್ ಅದು. ಆ ರಾತ್ರಿ ನಮ್ಮ ರಸ್ತೆಯಲ್ಲಿ ಮುದುಕರು ಅಳುತ್ತಿದ್ದದ್ದನ್ನು ನಾನು ನೋಡಿದ್ದೇನೆ. ನಾನು ಈ ಊರಿನವನಾದದ್ದು ಪಾಸ್‌ಪೋರ್ಟ್ ಬಂದ ದಿನವಲ್ಲ ಕಣೋ, ಅವತ್ತು.

ನಮ್ಮ ಹಳೆಯ ಆಟಗಾರ ಕ್ರಿಸ್ ಗ್ರಾಂಟ್ ಮಗಳು ಇಸಬೆಲ್ಲಾ ನಮ್ಮ ಮಹಿಳಾ ಟೀಮಿಗೆ ಬಂದದ್ದೂ ಇದೇ ದಾರಿಯಲ್ಲಿ. ಹೆಣ್ಣುಮಕ್ಕಳ ಲೀಗ್‌ಗೂ ಅಪ್ಪ-ಮಗಳ ನಿಯಮ ಇದೆ. ನನ್ನ ಮಗಳಿಗೆ ಇದು ಬಹಳ ಮುಖ್ಯವಾದ ವಿಷಯ.

ಮೊದಲು ಇದು ತೀರಾ ಅಗ್ಗವಾಗಿತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. 2006ರಲ್ಲಿ ಅಪ್ಪನ ಕ್ಲಬ್ ಜೀಲಾಂಗ್‌ಗೆ ಟಾಮ್ ಹಾಕಿನ್ಸ್‌ನಂಥ ಆಟಗಾರ 41ನೇ ಪಿಕ್‌ಗೆ ಸಿಕ್ಕ. ಉಳಿದ ಕ್ಲಬ್‌ಗಳ ಹೊಟ್ಟೆ ಉರಿಯದೆ ಇರುತ್ತದಾ? ಮರುವರ್ಷವೇ ಬೇರೆಯವರೂ ಹುಡುಗನ ಹೆಸರು ಕೂಗಬಹುದು ಅಂತ ನಿಯಮ ಬದಲಾಯಿತು. ಈಚೆಗೆ ಬ್ರಿಸ್ಬೇನ್ ಕ್ಲಬ್ಬಿಗೆ ಅಲ್ಲೇ ಆಡಿದ್ದ ಮಾರ್ಕಸ್ ಆಶ್‌ಕ್ರಾಫ್ಟ್‌ನ ಇಬ್ಬರು ಮಕ್ಕಳೂ ಹೀಗೇ ಬಂದರು. ದೊಡ್ಡವನು ವಿಲ್ 2024 ಮತ್ತು 2025 ಎರಡೂ ಗ್ರ್ಯಾಂಡ್ ಫೈನಲ್‌ಗಳಲ್ಲಿ ಶ್ರೇಷ್ಠ ಆಟಗಾರ ಅನ್ನಿಸಿಕೊಂಡ. ಮತ್ತೆ ಗೊಣಗಾಟ ಎದ್ದಿತು. 2025ರಿಂದ ರಿಯಾಯಿತಿಯನ್ನು ಶೇಕಡಾ 10ಕ್ಕೆ ಇಳಿಸಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ. ಬೆಲೆ ಪೂರ್ತಿ ಕೊಡಿಸಲಿ, ನಿಯಮವನ್ನು ಮಾತ್ರ ತೆಗೆಯಬಾರದು.

ಯಾಕೆ ತೆಗೆಯಬಾರದು ಅನ್ನುವುದಕ್ಕೆ ನನ್ನ ಹತ್ತಿರ ಇರುವುದು ಒಂದು ಹಳೆಯ ಕಥೆ. ರಾನ್ ಬರಾಸಿ ಅಂತ ಮೆಲ್ಬರ್ನ್ ಕ್ಲಬ್ಬಿನ ಆಟಗಾರ ಯುದ್ಧಕ್ಕೆ ಹೋಗಿ 1941ರಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲಿ ಸತ್ತ. ಮಗನಿಗೆ ಐದು ವರ್ಷ. ಅವನ ಹೆಸರೂ ರಾನ್. ಆ ಕಾಲದಲ್ಲಿ ಮನೆ ಯಾವ ಬಡಾವಣೆಯಲ್ಲಿದೆಯೋ ಆ ಬಡಾವಣೆಯ ಕ್ಲಬ್ಬಿಗೇ ಆಡಬೇಕಿತ್ತು. ಹುಡುಗನಿಗೆ ಅಪ್ಪನ ಕ್ಲಬ್ ಬಿಟ್ಟು ಬೇರೆ ಬೇಡ. ಅವನಂಥವರಿಗೆ ದಾರಿ ಮಾಡಿಕೊಟ್ಟದ್ದು ಈ ನಿಯಮವೇ. ಅಪ್ಪನ ಜೊತೆ ಆಡಿದ್ದ ನಾರ್ಮ್ ಸ್ಮಿತ್ ಆಗ ಕೋಚ್, ಹುಡುಗನನ್ನು ತನ್ನ ಮನೆಯ ಹಿತ್ತಲಿನ ಕೋಣೆಯಲ್ಲೇ ಇಟ್ಟುಕೊಂಡ. 1953ರಲ್ಲಿ ಮೊದಲ ಮ್ಯಾಚ್ ಆಡಿದ ಆ ಹುಡುಗ ಆಮೇಲೆ ಮೆಲ್ಬರ್ನ್‌ಗೆ ಆರು ಪ್ರೀಮಿಯರ್‌ಶಿಪ್ ಆಡಿ ಗೆದ್ದ. ಅವನಿಗೆ ಅಪ್ಪನ ಮುಖ ಎಷ್ಟು ನೆನಪಿತ್ತೋ, ಜಂಪರ್ ಅಂತೂ ಮೈಮೇಲಿತ್ತು.

ಇನ್ನೊಂದು ಕಥೆ ಇದಕ್ಕೆ ಪೂರ್ತಿ ಉಲ್ಟಾ. ಮಾರ್ಕ್ ಮರ್ಫಿಯ ಅಪ್ಪ ಆಡಿದ್ದು ಫಿಟ್ಜ್‌ರಾಯ್‌ಗೆ. ಆ ಕ್ಲಬ್ 1996ರ ಕೊನೆಗೆ ಬ್ರಿಸ್ಬೇನ್ ಜೊತೆ ಸೇರಿಹೋಯಿತು. ಹಾಗಾಗಿ 2005ರಲ್ಲಿ ಹಕ್ಕು ಬ್ರಿಸ್ಬೇನ್‌ನದು. ಹುಡುಗ ಬೇಡ ಅಂದ. ಎಲ್ಲರ ಹಾಗೆ ಡ್ರಾಫ್ಟ್‌ಗೆ ಹೋದ, ಕಾರ್ಲ್‌ಟನ್ ಮೊದಲ ಪಿಕ್‌ನಲ್ಲೇ ಕರೆಯಿತು, ಅಲ್ಲೇ ಕ್ಯಾಪ್ಟನ್ ಆದ, ಸರಿಯಾಗಿ 300 ಮ್ಯಾಚ್ ಆಡಿ ನಿಲ್ಲಿಸಿದ. ನನಗೆ ಈ ಕಥೆ ಬರಾಸಿಯ ಕಥೆಯಷ್ಟೇ ಇಷ್ಟ. ಹಕ್ಕು ಕ್ಲಬ್ಬಿಗೆ ಇರಬಹುದು, ಹೂಂ ಅನ್ನಬೇಕಾದವನು ಹುಡುಗ. ನಮ್ಮಲ್ಲಿ ಬಹಳ ಜನ ಇದನ್ನು ಮರೆಯುತ್ತಾರೆ. ಹುಡುಗ ಹನ್ನೆರಡು ವರ್ಷದವನಿದ್ದಾಗಲೇ "ನಮ್ಮವನು" ಅನ್ನುತ್ತಾರೆ, ಹದಿನಾರಕ್ಕೆ ಅವನ ಎತ್ತರ ಅಳೆಯುತ್ತಾರೆ, ಒಂದು ಚೆಂಡು ಬಿಟ್ಟರೆ ಅಪ್ಪನನ್ನು ಎಳೆದು ತರುತ್ತಾರೆ.

ನಮ್ಮ ಸ್ಟುವರ್ಟ್ ಬಿನ್ನಿ ನೆನಪಿದೆಯಲ್ಲ? ಅಪ್ಪ ರೋಜರ್ ಸೆಲೆಕ್ಟರ್ ಆಗಿದ್ದಾಗ ಮಗ ಟೀಮಿಗೆ ಬಂದ, ಅದಕ್ಕೆ ನಾವು ಹಾಸ್ಟೆಲ್ ಹುಡುಗರ ಗ್ರೂಪಿನಲ್ಲಿ ಏನೇನು ಬರೆದಿದ್ದೆವು. 2014ರಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ಮೇಲೆ ಅವನು 4 ರನ್ ಕೊಟ್ಟು 6 ವಿಕೆಟ್ ತೆಗೆದ. ಆಮೇಲೂ ಯಾರೂ ಬಾಯಿ ಮುಚ್ಚಲಿಲ್ಲ. ನಾನೂ ಮುಚ್ಚಲಿಲ್ಲ. ಈಗ ಬೇಲಿ ಹತ್ತಿರ ನಿಂತಾಗ ಅದು ನೆನಪಾಗಿ ಮನಸ್ಸಿಗೆ ಬೇಜಾರಾಗುತ್ತದೆ.

ಅದಕ್ಕೇ ನಾನು ಹೋಗುವುದು. ಅವನು ಟೀವಿಗೆ ಬರುವ ಮೊದಲು, ನಲವತ್ತು ಸಾವಿರ ಜನ ಕೂಗುವ ಮೊದಲು, ಸುಮ್ನೆ ಒಬ್ಬ ಹುಡುಗ ಆಡುವುದನ್ನು ನೋಡಬೇಕು ಅನ್ನಿಸುತ್ತದೆ. ನಮ್ಮ ಕ್ಲಬ್ಬಿಗೆ ಬರಲಿ ಅಂತ ಆಸೆ ಇದೆ, ಇಲ್ಲ ಅನ್ನುವುದಿಲ್ಲ. ಬಹಳ ಇದೆ. ಆದರೆ ಅವನು ಬೇರೆ ಕಡೆ ಹೋದರೂ ನಾನು ಅವನ ಸ್ಕೋರು ನೋಡುತ್ತಿರುತ್ತೇನೆ.

ಅವತ್ತು ಮೂರನೇ ಕ್ವಾರ್ಟರ್‌ನಲ್ಲಿ ಅವನು ಒಂದು ಮಾರ್ಕ್ ಹಿಡಿದ. ಇಬ್ಬರ ಮಧ್ಯೆ ಹಿಂದಕ್ಕೆ ಓಡುತ್ತಾ, ಚೆಂಡಿನ ಮೇಲಿಂದ ಕಣ್ಣು ತೆಗೆಯದೆ, ಬೆರಳ ತುದಿಯಲ್ಲಿ. ಕೆಸರಿನಲ್ಲಿ ಬಿದ್ದ, ಚೆಂಡು ಬಿಡಲಿಲ್ಲ. ಪಕ್ಕದ ಸ್ಕಾರ್ಫಿನವರು ಚಪ್ಪಾಳೆ ಹೊಡೆದರು. ಅಪ್ಪನ ಕಡೆ ನೋಡಿದೆ. ಲೋಟ ಬೇಲಿಯ ಮೇಲಿಟ್ಟು ಎರಡು ಹೆಜ್ಜೆ ಮುಂದೆ ಬಂದಿದ್ದರು.

ಡ್ರಾಫ್ಟ್ ರಾತ್ರಿ ಇಲ್ಲಿ ಏಳು ಗಂಟೆ ಅಂದರೆ ನಿಮ್ಮಲ್ಲಿ ಮಧ್ಯಾಹ್ನ ಒಂದೂವರೆ. ಊಟ ಮುಗಿಸಿ ಫೋನ್ ಹತ್ತಿರ ಇರು. ಏನಾದರೂ ಆಗಲಿ, ಮಾಡುತ್ತೇನೆ.

ನಿನ್ನ ಗೆಳೆಯ