ಕೂಡಿಕೊಂಡ ನಾಯಿಗಳನ್ನು ಎಳೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮ ಬೀದಿಯಲ್ಲಿ ನನ್ನ ಮುಧೋಳ ಹೆಣ್ಣುನಾಯಿ ಗಂಡಿನ ಜೊತೆ ಕೂಡಿ, ಬೆನ್ನಿಗೆ ಬೆನ್ನು ಮಾಡಿ ನಿಂತಿತ್ತು. ಯಾರೋ ಬಕೆಟ್ ನೀರು ಸುರಿದರು, ಹುಡುಗರು ಕೋಲು ತಂದರು. ಅದು ನಡುಗುತ್ತಾ ನನ್ನನ್ನೇ ನೋಡುತ್ತಿತ್ತು. ಹೊಟ್ಟೆ ಉರಿದುಹೋಯಿತು.

ಗಂಡಿನ ಅಂಗದ ಬುಡ ಊದಿಕೊಳ್ಳುವುದರಿಂದ ನಾಯಿಗಳು ಹೀಗೆ ಅಂಟಿಕೊಳ್ಳುತ್ತವೆ. ಇದು ಸಹಜ. ಸಾಮಾನ್ಯವಾಗಿ 5ರಿಂದ 30 ನಿಮಿಷದಲ್ಲಿ ತಾವೇ ಬಿಡುತ್ತವೆ. ಎಳೆದರೆ ಎರಡಕ್ಕೂ ಗಾಯವಾಗುತ್ತದೆ. ಸುಮ್ನೆ ಹತ್ತಿರ ನಿಂತರೆ ಸಾಕಲ್ವಾ? ಒಂದು ಗಂಟೆ ದಾಟಿದರೆ, ರಕ್ತ ಜಾಸ್ತಿ ಹೋದರೆ, ಬಿಟ್ಟ ಮೇಲೂ ಗಂಡಿನ ಅಂಗ ಒಳಗೆ ಹೋಗದಿದ್ದರೆ ತಡ ಮಾಡದೆ ಪಶುವೈದ್ಯರಿಗೆ ತೋರಿಸಿ. ಹೆಣ್ಣು ಗಂಡನ್ನು ಹತ್ತಿರ ಸೇರಿಸದಿದ್ದರೆ ಬಲವಂತ ಬೇಡ. ಬೆದೆಯ ಸರಿಯಾದ ದಿನ ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ.

ನಮ್ಮದು ಈಗಲೂ ಬಕೆಟ್ ಕಂಡರೆ ಮಂಚದಡಿ ಸೇರುತ್ತದೆ.

– ಓದುಗ, ಗುತ್ತಲು, ಮಂಡ್ಯ