ಸ್ಕಾಟ್ಲೆಂಡಿನ ನೋಟು ಖೋಟಾ ಅಲ್ಲ, ಸ್ವಾಮಿ!

ಮಾನ್ಯ ಸಂಪಾದಕರೇ,

ಭಾನುವಾರದ ಪತ್ರಿಕೆಯಲ್ಲಿ ಲಂಡನ್ನಿನ ಈಸ್ಟ್ ಹ್ಯಾಮ್ ಬಡಾವಣೆಯ ವರದಿ ಓದಿದೆ. ಕನ್ನಡದ ಹುಡುಗ ಕೊಟ್ಟ ಸ್ಕಾಟ್ಲೆಂಡಿನ ನೋಟನ್ನು ಅಲ್ಲಿನ ಹೈ ಸ್ಟ್ರೀಟಿನ ಅಂಗಡಿಯವರು ತೆಗೆದುಕೊಳ್ಳಲಿಲ್ಲ, ಅದು ನಿಜ. ಆದರೆ ತಲೆಬರಹದಲ್ಲೇ 'ಚಲಾವಣೆ ಇಲ್ಲದ ನೋಟು' ಅಂತ ಹಾಕಿಬಿಟ್ಟಿದ್ದೀರಲ್ಲ, ಅದನ್ನು ನಿಮಗೆ ಹೇಳಿದವರು ಯಾರು? ಆ ನೋಟು ಚಲಾವಣೆಯಲ್ಲಿದೆ. ಇವತ್ತೂ ಇದೆ. ಆ ಹುಡುಗನಿಗೆ ಆದ ಎರಡೇ ದಿನಕ್ಕೆ, ಅದೇ ಹೈ ಸ್ಟ್ರೀಟಿನಲ್ಲಿ ನನಗೂ ಹಾಗೇ ಆಯಿತು. ಇನ್ನೂ ಸಿಟ್ಟು ಇಳಿದಿಲ್ಲ.

ನಾನು 17 ವರ್ಷದಿಂದ ಎಡಿನ್‌ಬರೋದ ಲೀತ್‌ನಲ್ಲಿ ಇದ್ದೇನೆ. ಅಮ್ಮನನ್ನು ಊರಿನ ವಿಮಾನ ಹತ್ತಿಸಲು ಲಂಡನ್ನಿಗೆ ಹೋಗಿದ್ದೆ. ಎಡಿನ್‌ಬರೋದ ವೇವರ್ಲಿ ಸ್ಟೇಷನ್ನಿಂದ ರೈಲಿನಲ್ಲಿ ನಾಲ್ಕೂವರೆ ಗಂಟೆಯ ಪ್ರಯಾಣ. ಸೀಟಿನ ಹತ್ತಿರ ಇದ್ದ ಚಾರ್ಜಿಂಗ್ ಪಾಯಿಂಟ್ ಕೆಟ್ಟಿತ್ತು. ಲಂಡನ್ ಬರುವಷ್ಟರಲ್ಲಿ ಫೋನ್ ಆಫ್. ಈಗ ಎಲ್ಲರ ಹಾಗೆ ನನ್ನ ಕಾರ್ಡೂ ಫೋನಿನ ಒಳಗೇ. ಜೇಬಿನಲ್ಲಿ ಇದ್ದದ್ದು 20 ಪೌಂಡಿನ ಮೂರು ನೋಟು, ಮೂರೂ ಸ್ಕಾಟ್ಲೆಂಡಿನ ಬ್ಯಾಂಕುಗಳೇ ಅಚ್ಚು ಮಾಡಿದವು. ಹೊರಗೆ ಮಳೆ. ಎರಡು ದೊಡ್ಡ ಸೂಟ್‌ಕೇಸ್. ಅಮ್ಮನಿಗೆ 74 ವರ್ಷ, ಮಂಡಿ ನೋವು, ಜೊತೆಗೆ ಶುಗರ್. ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ವಿಮಾನಕ್ಕೆ ಇನ್ನೂ ಹೊತ್ತಿದೆ, ಒಂದು ಇಡ್ಲಿ ತಿನ್ನಿಸಿಕೊಂಡು ಹೋಗೋಣ ಅಂತ ಈಸ್ಟ್ ಹ್ಯಾಮಿನ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ.

ತಿಂದಾದ ಮೇಲೆ ಬಿಲ್ಲು ಕೊಡಲು ಹೋದರೆ, ಗಲ್ಲಾದಲ್ಲಿ ಕೂತವರು ನೋಟನ್ನು ದೀಪಕ್ಕೆ ಹಿಡಿದರು. ತಿರುಗಿಸಿ ನೋಡಿದರು. ಉಗುರಿನಿಂದ ಕೆರೆದರು. 'ಇದು ಇಲ್ಲಿ ನಡೆಯಲ್ಲ ಸಾರ್' ಅಂದರು. ಕ್ಯೂನಲ್ಲಿ ನಿಂತ ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಖೋಟಾ ನೋಟು ತಂದವನನ್ನು ನೋಡುವ ನೋಟ ಅದು. ಅಮ್ಮ ಗಾಬರಿಯಾಗಿ ತಮ್ಮ ಪರ್ಸ್ ತೆಗೆದು ರೂಪಾಯಿ ಎಣಿಸತೊಡಗಿದರು. ಅವರನ್ನು ಅಲ್ಲೇ ಕೂರಿಸಿ, ಮಳೆಯಲ್ಲಿ ನೆನೆದುಕೊಂಡು ಪಕ್ಕದ ಎರಡು ಅಂಗಡಿಗೆ ಹೋಗಿ ಚಿಲ್ಲರೆ ಕೇಳಿದೆ. ಎರಡೂ ಕಡೆ ಇಲ್ಲ ಅಂದರು. ಕೊನೆಗೆ ಸರ್ವರ್ ಹುಡುಗ, ಪಾಪ, ತನ್ನ ಚಾರ್ಜರ್ ಕೊಟ್ಟ. ಫೋನ್ ಎದ್ದ ಮೇಲೆ ದುಡ್ಡು ಕೊಟ್ಟು ಹೊರಟೆವು. ಅಲ್ಲಿಗೆ ಮುಕ್ಕಾಲು ಗಂಟೆ ಹೋಯಿತು. ಟ್ಯಾಕ್ಸಿಯವನು ಕಾದದ್ದಕ್ಕೆ ಬೇರೆ ದುಡ್ಡು ಹಾಕಿದ. ವಿಮಾನ ನಿಲ್ದಾಣದಲ್ಲಿ ಅಮ್ಮ ಆ ಮಂಡಿ ಇಟ್ಟುಕೊಂಡು ಓಡಬೇಕಾಯಿತು.

ಆ ನೋಟಿನ ಮೇಲೆ ಯಾರ ಚಿತ್ರ ಇತ್ತು ಗೊತ್ತೇ? ಕೇಟ್ ಕ್ರಾನ್ಸ್ಟನ್ ಅವರದು. ಹೆಂಡ ಬಿಡಿಸುವ ಚಳವಳಿ ಜೋರಾಗಿದ್ದ ಕಾಲದಲ್ಲಿ ಗ್ಲಾಸ್ಗೋದಲ್ಲಿ ಟೀ ರೂಮುಗಳನ್ನು ಕಟ್ಟಿ ಬೆಳೆಸಿದ ಹೆಂಗಸು. 1903ರಲ್ಲಿ ಸಾಕಿಹಾಲ್ ಸ್ಟ್ರೀಟಿನಲ್ಲಿ ಅವರು ತೆರೆದ ಟೀ ರೂಮನ್ನು ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಚಾರ್ಲ್ಸ್ ರೆನಿ ಮ್ಯಾಕಿಂಟಾಶ್. ಅದನ್ನು ನೋಡಲು ಈಗಲೂ ಜನ ದೂರದಿಂದ ಬರುತ್ತಾರೆ. ರಾಜರಾಣಿಯರನ್ನು ಬಿಟ್ಟು, ಜನರಿಗೆ ಟೀ ಕೊಟ್ಟ ಒಬ್ಬಾಕೆಯನ್ನು ನೋಟಿನ ಮೇಲೆ ಕೂರಿಸಿದ ನಾಡು ಇದು. ಅಂಥ ನೋಟನ್ನು ಹೋಟೆಲಿನವರೇ ಬೇಡ ಅಂದರಲ್ಲ ಅಂತ ನನಗೆ ಜಾಸ್ತಿ ನೋವಾಯಿತು.

ಕಾನೂನು ನನಗೂ ಗೊತ್ತಿದೆ. ಅಂಗಡಿಯವರು ಯಾವ ನೋಟನ್ನು ಬೇಕಾದರೂ ಬೇಡ ಅನ್ನಬಹುದು. ಇಂಗ್ಲೆಂಡಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟಿಗೆ ಇರುವ 'ಲೀಗಲ್ ಟೆಂಡರ್' (ಸಾಲ ತೀರಿಸಲು ಕೊಟ್ಟರೆ ಕಾನೂನು ಒಪ್ಪುವ ಹಣ) ಅನ್ನುವ ಪಟ್ಟ ಸ್ಕಾಟ್ಲೆಂಡಿನ ನೋಟಿಗೆ ಇಲ್ಲ. ಆದರೆ ಪೂರ್ತಿ ಕೇಳಿ. ಸ್ಕಾಟ್ಲೆಂಡಿನ ಒಳಗೆ ಆ ಪಟ್ಟ ಯಾವ ನೋಟಿಗೂ ಇಲ್ಲ, ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟಿಗೂ ಇಲ್ಲ. ಅಲ್ಲಿ ಇರುವುದು ನಾಣ್ಯಕ್ಕೆ ಮಾತ್ರ. ಹಾಗಂತ ಲಂಡನ್ನಿನಿಂದ ಬಂದವರ ನೋಟನ್ನು ಲೀತ್‌ನಲ್ಲಿ ಯಾರಾದರೂ ದೀಪಕ್ಕೆ ಹಿಡಿಯುತ್ತಾರಾ? 17 ವರ್ಷದಲ್ಲಿ ಒಂದು ಸಲವೂ ನೋಡಿಲ್ಲ.

ಈ ನೋಟಿನ ಹಿಂದೆ ದುಡ್ಡೂ ಇದೆ. ನೋಟು ಅಚ್ಚು ಮಾಡುವ ಮೂರು ಸ್ಕಾಟಿಷ್ ಬ್ಯಾಂಕುಗಳು ಅಷ್ಟೇ ಬೆಲೆಯ ಆಸ್ತಿಯನ್ನು ಕಾದಿಡಬೇಕು ಅಂತ ಕಾನೂನಿದೆ. ಅದಕ್ಕಾಗಿಯೇ ಬ್ಯಾಂಕ್ ಆಫ್ ಇಂಗ್ಲೆಂಡಿನೊಳಗೆ 'ಟೈಟನ್' ಅನ್ನುವ ನೋಟುಗಳಿವೆ. ಒಂದೊಂದರ ಬೆಲೆ 10 ಕೋಟಿ ಪೌಂಡ್. ಇನ್ನೊಂದು ಮಾತು. 1694ರಲ್ಲಿ ಹುಟ್ಟಿದ ಆ ಬ್ಯಾಂಕ್ ಆಫ್ ಇಂಗ್ಲೆಂಡಿನ ಯೋಜನೆ ಹಾಕಿದ ವಿಲಿಯಂ ಪ್ಯಾಟರ್ಸನ್ ಸ್ಕಾಟ್ಲೆಂಡಿನವನು! ಮರುವರ್ಷವೇ ಎಡಿನ್‌ಬರೋದಲ್ಲಿ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಶುರುವಾಯಿತು. 1707ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಲಂಡನ್ನಿನದರ ಜೊತೆ ಸೇರಿಹೋಯಿತು. ಆದರೂ ಕೋರ್ಟು, ಚರ್ಚು, ಶಾಲೆ ಬೇರೆಯಾಗಿಯೇ ಉಳಿದವು. ನೋಟೂ ಉಳಿಯಿತು.

ಅದೂ ಸುಮ್ನೆ ಉಳಿಯಲಿಲ್ಲ. 1826ರಲ್ಲಿ ಲಂಡನ್ ಸರ್ಕಾರ 5 ಪೌಂಡಿಗಿಂತ ಕಡಿಮೆ ಬೆಲೆಯ ನೋಟುಗಳನ್ನೆಲ್ಲ ನಿಲ್ಲಿಸಲು ಹೊರಟಿತು. ಸ್ಕಾಟ್ಲೆಂಡಿನ ಸಂತೆ, ಕೂಲಿ, ಗೇಣಿ ಎಲ್ಲ ನಡೆಯುತ್ತಿದ್ದದ್ದೇ ಒಂದು ಪೌಂಡಿನ ನೋಟಿನ ಮೇಲೆ. ಆಗ ಸ್ಕಾಟ್ಲೆಂಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏನು ಮಾಡಿದರು ಗೊತ್ತೇ? ಎಡಿನ್‌ಬರೋದ ಒಂದು ವಾರಪತ್ರಿಕೆಗೆ ಬೇರೆ ಹೆಸರಿಟ್ಟುಕೊಂಡು ಮೂರು ಪತ್ರ ಬರೆದರು. ಅದೇ ವರ್ಷ ಅವರು ಸ್ವತಃ ಸಾಲದಲ್ಲಿ ಮುಳುಗಿದ್ದರು. ಆದರೂ ಬರೆದರು. ಸರ್ಕಾರ ಹಿಂದೆ ಸರಿಯಿತು. ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಎಲ್ಲ ನೋಟಿನ ಮೇಲೂ ಇವತ್ತಿಗೂ ಅವರ ಮುಖ ಇದೆ. ಸಂಪಾದಕರಿಗೆ ಬರೆದ ಪತ್ರದಿಂದ ಉಳಿದ ನೋಟು ಅದು. ಅದನ್ನು ಒಂದು ಪತ್ರಿಕೆಯೇ ಚಲಾವಣೆಯಲ್ಲಿಲ್ಲ ಅಂತ ಬರೆದರೆ ಹೇಗೆ?

ನಿಮ್ಮ ವರದಿಯಲ್ಲಿ ಇನ್ನೊಂದು ಸಾಲಿದೆ, 'ಇಂಗ್ಲೆಂಡಿನ ಎಡಿನ್‌ಬರೋದಿಂದ ಬಂದ ವಿದ್ಯಾರ್ಥಿ' ಅಂತ. ಉತ್ತರ ಭಾರತದವರು ನಮ್ಮನ್ನೆಲ್ಲ ಸೇರಿಸಿ 'ಮದ್ರಾಸಿ' ಅಂದಾಗ ನಮಗೆ ಎಷ್ಟು ಉರಿಯುತ್ತಿತ್ತು? ನನ್ನ ಪಕ್ಕದ ಮನೆಯ ಅಜ್ಜಿಗೂ ಅಷ್ಟೇ ಉರಿಯುತ್ತದೆ. 2022ರ ಜನಗಣತಿಯಲ್ಲಿ ಸುಮಾರು ಶೇ 65ರಷ್ಟು ಜನ 'ನಾವು ಸ್ಕಾಟಿಷ್, ಬೇರೇನೂ ಅಲ್ಲ' ಅಂತ ಬರೆಸಿದ್ದಾರೆ. 2014ರಲ್ಲಿ ಪ್ರತ್ಯೇಕ ದೇಶ ಬೇಕೇ ಅಂತ ಕೇಳಿದಾಗ ಶೇ 55ರಷ್ಟು ಮಂದಿ ಬೇಡ ಅಂದಿದ್ದರು. ಅಂದರೆ ಬೇಡ ಅಂದವರಲ್ಲೂ ಎಷ್ಟೋ ಮಂದಿ ಇಂಗ್ಲೆಂಡಿನವರು ಅನ್ನಿಸಿಕೊಳ್ಳಲು ತಯಾರಿಲ್ಲ. ಇದು ರಾಜಕೀಯದ ಮಾತಲ್ಲ. ಅವರ ಹೆಸರಿನ ಮಾತು.

ಅಧಿಕಾರಿಗಳೂ ಕಡಿಮೆ ಏನಲ್ಲ. ಹೋದ ವರ್ಷ ಊರಿನ ಒಂದು ಕಚೇರಿಯಲ್ಲಿ ವಿಳಾಸ ಬರೆದುಕೊಟ್ಟರೆ, 'ಸ್ಕಾಟ್ಲೆಂಡ್ ಅಂತ ಕಂಪ್ಯೂಟರಿನಲ್ಲಿ ಇಲ್ಲ, ಇಂಗ್ಲೆಂಡ್ ಹಾಕ್ತೀನಿ' ಅಂದರು. ಯುನೈಟೆಡ್ ಕಿಂಗ್‌ಡಮ್ ಅಂತ ಹಾಕಿ ಅಂದೆ. 'ಎರಡೂ ಒಂದೇ ಅಲ್ವಾ' ಅಂದರು. ಮೂರು ಸಲ ಹೋಗಿ ತಿದ್ದಿಸಿದೆ. ಇಲ್ಲಿಯವರನ್ನೂ ಹೊಗಳುವ ಹಾಗಿಲ್ಲ. ಎಡಿನ್‌ಬರೋದ ಟ್ರಾಮಿನ ಕತೆ ಗೊತ್ತಲ್ಲ? 2008ರಲ್ಲಿ ರಸ್ತೆ ಅಗೆದವರು ಟ್ರಾಮ್ ಓಡಿಸಿದ್ದು 2014ಕ್ಕೆ. ಖರ್ಚು 77 ಕೋಟಿ ಪೌಂಡ್ ದಾಟಿತು. ಯಾಕೆ ಹೀಗಾಯಿತು ಅಂತ ವಿಚಾರಣೆ ಮಾಡಿ ವರದಿ ಕೊಡಲು 2023 ಬಂತು. ಇಂಥವರು ನೋಟಿನ ವಿಷಯ ಯಾವಾಗ ಎತ್ತುತ್ತಾರೆ? ಲಂಡನ್ ಸಂಸತ್ತಿನಲ್ಲಿ ಇದಕ್ಕೊಂದು ಮಸೂದೆ ಬಂದು ಹಾಗೇ ಬಿದ್ದುಹೋಗಿದೆ. ಆಮೇಲೆ ಯಾರಿಗೂ ನೆನಪಿಲ್ಲ.

ವಿಮಾನ ಹತ್ತುವ ಮೊದಲು ಅಮ್ಮ ಕೇಳಿದರು: 'ನಮ್ಮ ನೋಟಿನಲ್ಲಿ ಕನ್ನಡ ಇದೆ ಅಂತ ದೆಹಲಿಯಲ್ಲಿ ಯಾರೂ ಬೇಡ ಅನ್ನಲ್ಲ. ಇವರದ್ದೇನು?' ಇದಕ್ಕೆ ಉತ್ತರ ಕೊಡಬೇಕಾದವರು ಯಾರೋ ಅವರು ಕೊಡಲಿ. ಕಾನೂನು ತರುವುದಾದರೆ ತರಲಿ. ಆಗದಿದ್ದರೆ ತೆಗೆದುಕೊಳ್ಳುವುದಿಲ್ಲ ಅನ್ನುವ ಅಂಗಡಿಯವರು ಬಾಗಿಲಲ್ಲೇ ಬೋರ್ಡು ಹಾಕಲಿ, ತಿಂದಾದ ಮೇಲೆ ಹೇಳುವುದು ಬೇಡ. ನೀವೂ ತಲೆಬರಹ ತಿದ್ದಿ ಹಾಕಿ. 'ಇಂಗ್ಲೆಂಡಿನ ಎಡಿನ್‌ಬರೋ' ಅನ್ನುವುದನ್ನಂತೂ ಇನ್ನು ಮೇಲೆ ದಯವಿಟ್ಟು ಬರೆಯಬೇಡಿ.

— ಒಬ್ಬ ಓದುಗ
ಲೀತ್, ಎಡಿನ್‌ಬರೋ, ಸ್ಕಾಟ್ಲೆಂಡ್